ಕತ್ತಲೆಯೇ ಪ್ರೌಢಿಮೆಯೆ?

ಅಮೆರಿಕಾ ದೇಶದಿಂದ ಬರುವ ಅತಿಮಾನುಷ ವೀರರ ಚಲಚ್ಚಿತ್ರಗಳ ವಿಷಯದಲ್ಲಿ ನಮ್ಮ ವಿದ್ಯಾವಂತ ತರುಣರೊಳಗೆ ಒಂದು ಮತವು ಈಚೆಗೆ ಸಿದ್ಧಾಂತದ ಪದವಿಗೇರಿ ಕುಳಿತಿದೆ. ಅದು ಯಾವುದೆಂದರೆ: ಈ ಜಾತಿಯ ಚಿತ್ರಗಳನ್ನು ತಯಾರಿಸುವ ಎರಡು ಮನೆತನಗಳಲ್ಲಿ ಡಿ. ಸಿ. ಎಂಬುದು ಪ್ರೌಢರಿಗೆ, ಮಾರ್ವೆಲ್ ಎಂಬುದು ಬಾಲಕರಿಗೆ. ಮೊದಲನೆಯದರಲ್ಲಿ ಕತ್ತಲೆಯುಂಟು, ಆದುದರಿಂದ ಆಳವುಂಟು. ಎರಡನೆಯದರಲ್ಲಿ ನಗೆಯುಂಟು, ಆದುದರಿಂದ ಆಳವಿಲ್ಲ. ಈ ಮತವು ತಪ್ಪೆಂದು ನಾನು ವಾದಿಸುತ್ತೇನೆ. ಬರಿಯ ತಪ್ಪು ಮಾತ್ರವಲ್ಲ. ಹದಿನಾರು ಹದಿನೇಳು ವಯಸ್ಸಿನ ಮಕ್ಕಳುಳ್ಳ ಮನೆಗಳಿಗೆ ಅದು ಅಪಾಯಕರವಾದ ತಪ್ಪೆಂದೂ ಹೇಳುತ್ತೇನೆ.

ಸಂಸ್ಕೃತ ಪಾಠಶಾಲೆಯಲ್ಲಿ ಅಮರವನ್ನೂ ರಘುವಂಶವನ್ನೂ ಓದಿ, ಅನಂತರ ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದು, ಈಗ ವಿಶ್ರಾಂತನಾಗಿರುವ ನನ್ನಂಥವನಿಗೆ ಈ ವಿಷಯದಲ್ಲಿ ಬಾಯಿಹಾಕಲು ಅಧಿಕಾರವೇನೆಂದು ಕೇಳತಕ್ಕವರುಂಟು. ಉತ್ತರವು ಸುಲಭ. ಈ ಚಿತ್ರಗಳನ್ನು ನಾನು ನೋಡಿದ್ದೇನೆ; ನೋಡದೆ ಖಂಡಿಸುವುದು ನನ್ನ ಗುರುಗಳು ಕಲಿಸಿದ ಪದ್ಧತಿಯಲ್ಲ. ಮತ್ತು ಇಲ್ಲಿ ಎದ್ದಿರುವ ಪ್ರಶ್ನೆಯು ಯಂತ್ರಶಾಸ್ತ್ರದ್ದಲ್ಲ, ರಸದ್ದು. ನಗೆಯು ಎಲ್ಲಿ ತಕ್ಕುದು, ಎಲ್ಲಿ ತಗದು, ಗಾಂಭೀರ್ಯವೆಂದರೇನು, ನಾಯಕನ ಲಕ್ಷಣವೇನು ಎಂಬ ಪ್ರಶ್ನೆಗಳನ್ನು ಭರತನೂ ಧನಂಜಯನೂ ಕ್ಷೇಮೇಂದ್ರನೂ ಎತ್ತಿ ವಿಚಾರಿಸಿ ಶತಮಾನಗಳು ಸಂದಿವೆ. ಅಳೆಯತಕ್ಕ ಬಟ್ಟೆಯು ಹೊಸದಾದ ಮಾತ್ರಕ್ಕೆ ಮೊಳಕೋಲನ್ನು ಬಿಸಾಡಬೇಕಾಗಿಲ್ಲ.

ಮೊದಲು ಎರಡು ಮನೆತನಗಳ ವಂಶಾವಳಿಯನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ೧೯೩೮ರಲ್ಲಿ ಜೆರಿ ಸೀಗಲ್, ಜೋ ಶುಸ್ಟರ್ ಎಂಬಿಬ್ಬರು ಯಹೂದಿ ತರುಣರು ಸೂಪರ್‌ಮ್ಯಾನನನ್ನು ಚಿತ್ರಕಥೆಯ ಪುಸ್ತಕವೊಂದರಲ್ಲಿ ಪ್ರಕಟಪಡಿಸಿದರು. ಮರುವರ್ಷ, ೧೯೩೯ರಲ್ಲಿ, ಬ್ಯಾಟ್‌ಮ್ಯಾನನು ಬಂದನು. ಇವರು ಡಿ. ಸಿ. ಮನೆತನದ ಹಿರಿಯರು. ಮಾರ್ವೆಲ್ ಮನೆತನದ ಮೂಲಸಂಸ್ಥೆಯೂ ೧೯೩೯ರಲ್ಲಿಯೇ ಹುಟ್ಟಿತಾದರೂ, ಇಂದು ನಾವು ಕಾಣುವ ರೂಪವನ್ನು ಅದು ತಾಳಿದುದು ೧೯೬೧ರಿಂದೀಚೆಗೆ, ಸ್ಟಾನ್ ಲೀ, ಜಾಕ್ ಕರ್ಬಿ, ಸ್ಟೀವ್ ಡಿಟ್ಕೊ ಮೊದಲಾದವರ ಕೈಯಲ್ಲಿ. ೧೯೬೨ರಲ್ಲಿ ಸ್ಪೈಡರ್‌ಮ್ಯಾನನು ಅವತರಿಸಿದನು. ತೆರೆಯ ಮೇಲೆ ೧೯೭೮ರ ‘ಸೂಪರ್‌ಮ್ಯಾನ್’ ಚಿತ್ರವು ದಾರಿ ತೋರಿತು, ೨೦೦೮ರಲ್ಲಿ ಡಿ. ಸಿ.ಯ ‘ದ ಡಾರ್ಕ್ ನೈಟ್’, ಮಾರ್ವೆಲ್‌ನ ‘ಐರನ್ ಮ್ಯಾನ್’ ಎಂಬೆರಡು ಚಿತ್ರಗಳು ಒಂದೇ ವರ್ಷದಲ್ಲಿ ಬಂದುವು. ಇಂದಿನ ಪಕ್ಷಪಾತಗಳೆಲ್ಲ ಆ ವರ್ಷದಿಂದ ಕವಲೊಡೆದುವೆಂದು ಹೇಳಬಹುದು.

ಇನ್ನು ಪೂರ್ವಪಕ್ಷ. ಎದುರಾಳಿಯ ವಾದವನ್ನು ಅವನಿಗಿಂತಲೂ ಚೆನ್ನಾಗಿ ಹೇಳಿದ ಮೇಲೆಯೇ ಖಂಡಿಸಬೇಕೆಂಬುದು ನಮ್ಮ ಶಾಸ್ತ್ರಕಾರರ ಮರ್ಯಾದೆ. ಅವರು ಹೇಳುವುದಿಷ್ಟು. ಒಂದನೆಯದಾಗಿ, ಡಿ. ಸಿ. ಚಿತ್ರಗಳು ಸಾವು, ನೋವು, ಅಧಿಕಾರ, ದೈವ ಎಂಬ ಗಹನವಾದ ವಿಷಯಗಳನ್ನು ಮುಟ್ಟುತ್ತವೆ; ಅವುಗಳ ಬಣ್ಣವೂ ಸಂಗೀತವೂ ಆ ಭಾರಕ್ಕೆ ಅನುಗುಣವಾಗಿವೆ. ಎರಡನೆಯದಾಗಿ, ಮಾರ್ವೆಲ್ ಚಿತ್ರಗಳಲ್ಲಿ ಲೋಕವು ಮುಳುಗುತ್ತಿರುವಾಗಲೂ ಪಾತ್ರಗಳು ಚಟಾಕಿ ಹಾರಿಸುತ್ತವೆ. ಪ್ರೇಕ್ಷಕನಿಗೆ ಕಣ್ಣೀರು ಬರುವಷ್ಟರಲ್ಲಿ ಅವನ ಬೆನ್ನು ತಟ್ಟಿ ನಗಿಸಿಬಿಡುತ್ತವೆ. ಮೂರನೆಯದಾಗಿ, ವಿದ್ವತ್ಸಭೆಗಳ ಮನ್ನಣೆಯು ಡಿ. ಸಿ.ಯ ಕತ್ತಲೆಯ ಚಿತ್ರಗಳಿಗೇ ಸಂದಿದೆ: ‘ದ ಡಾರ್ಕ್ ನೈಟ್’ನಲ್ಲಿ ಜೋಕರನ ಪಾತ್ರ ವಹಿಸಿದ ಹೀತ್ ಲೆಜರ್ ಅವರಿಗೆ ಮರಣೋತ್ತರವಾಗಿ ಆಸ್ಕರ್ ಪಾರಿತೋಷಕ ದೊರೆಯಿತು; ೨೦೧೯ರ ‘ಜೋಕರ್’ ಚಿತ್ರವು ವೆನಿಸ್ ಚಿತ್ರೋತ್ಸವದಲ್ಲಿ ಸುವರ್ಣಸಿಂಹವನ್ನು ಗೆದ್ದಿತು, ಅದರ ನಾಯಕನಟ ವಾಕೀನ್ ಫೀನಿಕ್ಸ್ ಅವರು ಶ್ರೇಷ್ಠ ನಟರೆಂದು ಆಸ್ಕರ್ ಪಡೆದರು. ಇಷ್ಟು ಪೂರ್ವಪಕ್ಷ. ಇದರಲ್ಲಿ ಸತ್ಯಾಂಶವಿಲ್ಲವೆಂದು ಹೇಳುವುದಿಲ್ಲ. ಹೇತುಗಳಲ್ಲಿ ಕೆಲವು ನಿಜ. ಅವುಗಳಿಂದ ತೆಗೆದ ನಿಗಮನವು ಮಾತ್ರ ಹೊಂದುವುದಿಲ್ಲ.

ಗಾಂಭೀರ್ಯವೆಂಬ ಪದದಿಂದಲೇ ಆರಂಭಿಸೋಣ. ದಶರೂಪಕಕಾರನಾದ ಧನಂಜಯನು ನಾಯಕನ ಸಾತ್ತ್ವಿಕ ಗುಣಗಳಲ್ಲಿ ಗಾಂಭೀರ್ಯವನ್ನು ಎಣಿಸಿ, ಒಳಗಿನ ಕ್ಷೋಭೆಯು ಹೊರಗೆ ವಿಕಾರವಾಗಿ ತೋರದಿರುವುದೇ ಅದರ ಲಕ್ಷಣವೆಂದು ಹೇಳುತ್ತಾನೆ. ಅಂದರೆ, ಹುಬ್ಬು ಗಂಟಿಕ್ಕುವುದು ಗಾಂಭೀರ್ಯವಲ್ಲ. ಗಂಟಿಕ್ಕಬೇಕಾದ ಕಾರಣವಿದ್ದಾಗಲೂ ಗಂಟಿಕ್ಕದಿರುವುದು ಗಾಂಭೀರ್ಯ. ಧೀರೋದಾತ್ತನಿಗೆ ಕ್ಷಮೆಯುಂಟು, ಆತ್ಮಶ್ಲಾಘನೆಯಿಲ್ಲ, ಅಹಂಕಾರವಿದ್ದರೂ ಅದು ವಿನಯದಿಂದ ಮುಚ್ಚಿರುತ್ತದೆ. ದರ್ಪ, ಮಾತ್ಸರ್ಯ, ಚಂಡಕೋಪ ಇವುಗಳಿಂದ ಕೂಡಿದವನು ಧೀರೋದ್ಧತನು. ಈಗ ೨೦೧೬ರ ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ ಚಿತ್ರವನ್ನು ನೋಡಿರಿ. ಅಪರಾಧಿಗಳ ಮೈಗೆ ಕಾಯಿಸಿದ ಮುದ್ರೆಯನ್ನೊತ್ತುವ, ಸಂಶಯಮಾತ್ರದಿಂದ ಒಬ್ಬನನ್ನು ಕೊಲ್ಲಲು ಸನ್ನದ್ಧನಾಗುವ ಆ ಬ್ಯಾಟ್‌ಮ್ಯಾನನು ನಮ್ಮ ಶಾಸ್ತ್ರದ ಪ್ರಕಾರ ಉದ್ಧತನೇ ಹೊರತು ಗಂಭೀರನಲ್ಲ. ಉದ್ಧತನನ್ನು ಚಿತ್ರಿಸಬಾರದೆಂದಲ್ಲ, ಉದ್ಧತನಿಗೆ ಉದಾತ್ತನ ಪಟ್ಟವನ್ನು ಕಟ್ಟಬಾರದು. ನಮ್ಮ ತರುಣರು ಕಟ್ಟುತ್ತಿರುವುದು ಆ ಪಟ್ಟವನ್ನೇ.

ಹಾಗಾದರೆ ಪ್ರೌಢಿಮೆಯ ಲಕ್ಷಣವೇನು? ಕಥೆಯಲ್ಲಿ ನಡೆದ ಕರ್ಮಕ್ಕೆ ಫಲವುಂಟೆ ಎಂಬುದೇ ಮೊದಲ ಪರೀಕ್ಷೆ. ಬಾಲಕನಿಗೂ ಪ್ರೌಢನಿಗೂ ಇರುವ ಭೇದವೇ ಅದು: ಬಾಲಕನು ಮಡಕೆಯನ್ನು ಒಡೆದು ಆಟಕ್ಕೆ ಓಡುತ್ತಾನೆ, ಪ್ರೌಢನು ಒಡೆದ ಮಡಕೆಯ ಬೆಲೆಯನ್ನು ತೆರುತ್ತಾನೆ. ೨೦೧೩ರ ‘ಮ್ಯಾನ್ ಆಫ್ ಸ್ಟೀಲ್’ ಚಿತ್ರದ ಕೊನೆಯಲ್ಲಿ ಒಂದು ಮಹಾನಗರದ ಸೌಧಗಳು ಸಾಲಾಗಿ ಉರುಳುತ್ತವೆ. ಸೂಪರ್‌ಮ್ಯಾನನು ಜಾಡ್ ಎಂಬ ಶತ್ರುವಿನ ಕುತ್ತಿಗೆಯನ್ನು ಮುರಿದು ಗೋಳಿಡುತ್ತಾನೆ. ದೃಶ್ಯವು ಘೋರವಾದುದು, ನಿಜ. ಅದಾದ ಮರುಕ್ಷಣವೇ ಏನು ನಡೆಯುತ್ತದೆ? ಸೇನಾಧಿಪತಿಯೊಡನೆ ವಿನೋದಸಂಭಾಷಣೆ, ಆ ವೀರನ ಚೆಲುವನ್ನು ಮೆಚ್ಚುವ ಅಧಿಕಾರಿಣಿಯ ಮುಗುಳ್ನಗೆ, ಪತ್ರಿಕಾ ಕಚೇರಿಯಲ್ಲಿ ಹೊಸ ಉದ್ಯೋಗ. ಆ ಸಾವಿರಾರು ಮೃತರಿಗಾಗಿ ಒಂದು ನಿಟ್ಟುಸಿರೂ ಇಲ್ಲ. ಕತ್ತಲೆಯ ಮನೆತನದ ಅತಿಗಂಭೀರ ಚಿತ್ರದಲ್ಲಿಯೇ ಕರುಣದ ಬೆನ್ನಿಗೆ ಹಾಸ್ಯವು ಹೀಗೆ ಅಂಟಿಕೊಂಡಿರುವಾಗ, ಆ ದೋಷವನ್ನು ಮಾರ್ವೆಲ್‌ನ ತಲೆಗೆ ಮಾತ್ರ ಕಟ್ಟುವುದು ನ್ಯಾಯವೆ?

ಈ ಆಕ್ಷೇಪಕ್ಕೆ ೨೦೧೬ರ ಚಿತ್ರವು ಸಮಾಧಾನವನ್ನು ಹೇಳಿತೆಂದು ಅವರು ಎನ್ನಬಹುದು. ಅಲ್ಲಿಗೇ ಹೋಗೋಣ, ಏಕೆಂದರೆ ಆ ವರ್ಷವು ಈ ವ್ಯಾಜ್ಯಕ್ಕೆ ದೈವವೇ ಒದಗಿಸಿದ ಒರೆಗಲ್ಲು. ಮಾರ್ಚ್ ತಿಂಗಳಲ್ಲಿ ಡಿ. ಸಿ.ಯ ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ ಬಂದಿತು. ಮೇ ತಿಂಗಳಲ್ಲಿ ಮಾರ್ವೆಲ್‌ನ ‘ಕ್ಯಾಪ್ಟನ್ ಅಮೆರಿಕಾ: ಸಿವಿಲ್ ವಾರ್’ ಬಂದಿತು. ಎರಡರ ಪ್ರಶ್ನೆಯೂ ಒಂದೇ: ಅತಿಬಲನಾದವನು ತನ್ನ ಬಲದ ಉಪಯೋಗಕ್ಕೆ ಯಾರಿಗೆ ಉತ್ತರ ಹೇಳಬೇಕು? ಎರಡರಲ್ಲಿಯೂ ವೀರರು ಪರಸ್ಪರ ಕಾದುತ್ತಾರೆ. ಎರಡರಲ್ಲಿಯೂ ಹಿಂದಿನ ಚಿತ್ರದಲ್ಲಿ ನಾಶವಾದ ನಗರವೇ ಕಲಹದ ಮೂಲ. ಇನ್ನು ಅವು ಆ ಪ್ರಶ್ನೆಯನ್ನು ಹೇಗೆ ನಡೆಸಿಕೊಂಡುವೆಂಬುದನ್ನು ಪರಿಶೀಲಿಸಿರಿ.

ಡಿ. ಸಿ. ಚಿತ್ರದಲ್ಲಿ ಅಮೆರಿಕಾದ ಶಾಸನಸಭೆಯು ಸೂಪರ್‌ಮ್ಯಾನನನ್ನು ವಿಚಾರಣೆಗೆ ಕರೆಯುತ್ತದೆ. ಅವನು ಬರುತ್ತಾನೆ, ಸಭೆಯ ಮಧ್ಯದಲ್ಲಿ ನಿಲ್ಲುತ್ತಾನೆ, ಪ್ರೇಕ್ಷಕನು ಉಸಿರು ಬಿಗಿಹಿಡಿದು ಅವನ ಉತ್ತರಕ್ಕೆ ಕಾಯುತ್ತಾನೆ. ಆಗ ಒಂದು ಸ್ಫೋಟಕವು ಸಿಡಿದು ಸಭೆಗೆ ಸಭೆಯೇ ಹೋಗಿಬಿಡುತ್ತದೆ! ಪ್ರಶ್ನೆಗೆ ಉತ್ತರ ಹೇಳಲಾರದ ಶಿಷ್ಯನು ಪಾಠಶಾಲೆಗೆ ಬೆಂಕಿಯಿಟ್ಟಂತಾಯಿತು. ಚಿತ್ರವು ಆ ಪ್ರಶ್ನೆಗೆ ಮತ್ತೆ ಹಿಂದಿರುಗುವುದೇ ಇಲ್ಲ. ಮಾರ್ವೆಲ್ ಚಿತ್ರದಲ್ಲಿಯಾದರೋ, ಮಗನನ್ನು ಕಳೆದುಕೊಂಡ ಒಬ್ಬ ತಾಯಿಯು ಟೋನಿ ಸ್ಟಾರ್ಕನಿಗೆ ಆ ಮಗನ ಭಾವಚಿತ್ರವನ್ನು ತೋರಿಸಿ ನಿಂದಿಸುತ್ತಾಳೆ; ನೂರಹದಿನೇಳು ದೇಶಗಳು ಒಂದು ಕಟ್ಟಳೆಯನ್ನು ಮುಂದಿಡುತ್ತವೆ; ವೀರರು ಮೇಜಿನ ಸುತ್ತ ಕುಳಿತು ಅದಕ್ಕೆ ರುಜು ಹಾಕಬೇಕೆ ಬೇಡವೆ ಎಂದು ವಾದಿಸುತ್ತಾರೆ. ಸ್ಟಾರ್ಕನು ಹಾಕಬೇಕೆನ್ನುತ್ತಾನೆ, ರಾಜರ್ಸನು ಬೇಡವೆನ್ನುತ್ತಾನೆ. ಇಬ್ಬರ ಪಕ್ಷದಲ್ಲಿಯೂ ಯುಕ್ತಿಯುಂಟು. ನೋಡುವವನು ತಾನೇ ತೂಗಿ ನಿರ್ಧರಿಸಬೇಕು. ಇದರಲ್ಲಿ ಪ್ರೌಢಸಭೆಯನ್ನು ಗೌರವಿಸಿದುದು ಯಾವುದು?

ಇನ್ನೊಂದು ಸ್ವಾರಸ್ಯವನ್ನು ಗಮನಿಸಬೇಕು. ಎರಡು ಚಿತ್ರಗಳ ಸಂಧಿಸ್ಥಾನದಲ್ಲಿಯೂ ತಾಯಿಯಿದ್ದಾಳೆ. ಡಿ. ಸಿ. ಚಿತ್ರದಲ್ಲಿ ಇಬ್ಬರು ವೀರರ ತಾಯಂದಿರ ಹೆಸರೂ ಮಾರ್ಥಾ ಎಂದಿರುವುದು ತಿಳಿದೊಡನೆ ಹಗೆಯು ಕರಗುತ್ತದೆ. ಇದನ್ನು ಬರಿಯ ಕಾಕತಾಳೀಯವೆಂದು ಹಾಸ್ಯಮಾಡುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಆ ಹೆಸರನ್ನು ಚಿತ್ರದ ಆರಂಭದಲ್ಲಿಯೇ ಬೀಜವಾಗಿ ಬಿತ್ತಿದ್ದಾರೆ. ಎದುರಿಗಿರುವವನೂ ಒಬ್ಬ ತಾಯಿಯ ಮಗನೆಂಬ ಅರಿವು ಅಲ್ಲಿ ಉದ್ದಿಷ್ಟವಾದುದೆಂದು ಒಪ್ಪುತ್ತೇನೆ. ಆದರೆ ಆ ಕ್ಷಣದ ತನಕ ನಡೆದ ವಿವಾದವೇನಾಯಿತು? ಬಲಿಷ್ಠನು ಲೋಕಕ್ಕೆ ಉತ್ತರವಾದಿಯೆ ಎಂಬ ಪ್ರಶ್ನೆಗೆ ಹೆಸರಿನ ಸಾಮ್ಯವು ಉತ್ತರವಾದೀತೆ? ಮಾರ್ವೆಲ್ ಚಿತ್ರದಲ್ಲಿ ನಡೆದುದು ಇದಕ್ಕೆ ವಿಪರೀತ. ತನ್ನ ತಾಯಿತಂದೆಗಳನ್ನು ಕೊಂದವನು ಗೆಳೆಯನ ಗೆಳೆಯನೇ ಎಂಬ ಸತ್ಯವನ್ನು ಸ್ಟಾರ್ಕನು ಕಣ್ಣಾರೆ ಕಾಣುತ್ತಾನೆ. ತಾಯಿಯ ನೆನಪು ಅಲ್ಲಿ ಕದನವನ್ನು ನಿಲ್ಲಿಸುವುದಿಲ್ಲ, ಹತ್ತಿಸುತ್ತದೆ. ಆ ಜಗಳವು ಚಿತ್ರದ ಅಂತ್ಯದಲ್ಲಿಯೂ ಹರಿಯುವುದಿಲ್ಲ. ಸ್ನೇಹಿತರು ಒಡೆದೇ ಉಳಿಯುತ್ತಾರೆ. ಸತ್ಯವನ್ನು ತಿಳಿದ ಮಾತ್ರಕ್ಕೆ ಮನಸ್ಸು ಶಾಂತವಾಗುವುದಿಲ್ಲವೆಂಬುದನ್ನು ಸಂಸಾರ ಮಾಡಿದವರೆಲ್ಲರೂ ಬಲ್ಲರು. ಇದೇ ಚಿತ್ರದಲ್ಲಿ, ತಂದೆಯನ್ನು ಕಳೆದುಕೊಂಡ ಟಿಚಾಲನೆಂಬ ರಾಜಕುಮಾರನು ಸೇಡು ತೀರಿಸಿಕೊಳ್ಳುವ ಗಳಿಗೆ ಒದಗಿಬಂದಾಗ ಉಗುರುಗಳನ್ನು ಒಳಗೆಳೆದುಕೊಳ್ಳುತ್ತಾನೆ. ಆ ಕೊಲೆಗಡುಕನು ಆತ್ಮಹತ್ಯೆ ಮಾಡಿಕೊಳ್ಳದಂತೆಯೂ ತಡೆಯುತ್ತಾನೆ. ಹಗಲು ಬೆಳಕಿನಲ್ಲಿ, ಬಣ್ಣಬಣ್ಣದ ಉಡುಪಿನಲ್ಲಿ, ನಡುನಡುವೆ ನಗೆಯಾಡುತ್ತ ನಡೆಯುವ ಈ ಚಿತ್ರದಲ್ಲಿ ಪ್ರೌಢಿಮೆಯುಂಟು. ಮಳೆಯಲ್ಲಿ ನೆನೆದು ಕಪ್ಪಾಗಿ ನಿಂತ ಆ ಇನ್ನೊಂದರಲ್ಲಿ ಪ್ರೌಢಿಮೆಯ ವೇಷವುಂಟು.

ಹಾಗೆಂದು ಮಾರ್ವೆಲ್ ಮನೆತನವನ್ನು ಹೊತ್ತು ಮೆರೆಸಲು ನಾನು ಲೇಖನಿ ಹಿಡಿದಿಲ್ಲ. ಹಾಸ್ಯವು ಎಂಟು ರಸಗಳಲ್ಲೊಂದೆಂದು ಭರತನು ಎಣಿಸಿದ್ದಾನೆ. ಸ್ಮಿತದಿಂದ ಅತಿಹಸಿತದವರೆಗೆ ಅದಕ್ಕೆ ಆರು ಮೆಟ್ಟಿಲುಗಳನ್ನು ಮಾಡಿ, ಉತ್ತಮರಿಗೆ ಯಾವುದು, ಅಧಮರಿಗೆ ಯಾವುದು ಎಂದು ವಿಭಾಗಿಸಿದ್ದಾನೆ. ವಾಲ್ಮೀಕಿಯು ತನ್ನ ನಾಯಕನನ್ನು ನಸುನಕ್ಕು ಮಾತಾಡುವವನೆಂದೇ ವರ್ಣಿಸಿದ್ದಾನೆ. ನಗೆಯಿದ್ದ ಮಾತ್ರಕ್ಕೆ ಬಾಲಿಶತೆಯೆನ್ನುವುದಾದರೆ ಶೂದ್ರಕನ ಮೃಚ್ಛಕಟಿಕವನ್ನು ಶಿಶುವಿಹಾರಕ್ಕೆ ಕಳುಹಿಸಬೇಕಾದೀತು. ಆದರೆ ಹಾಸ್ಯಕ್ಕೂ ಕರುಣಕ್ಕೂ ವಿರೋಧವುಂಟೆಂದು ಆಲಂಕಾರಿಕರು ಎಚ್ಚರಿಸಿದ್ದಾರೆ. ವಿರೋಧಿಗಳನ್ನು ಒಂದೆಡೆ ಇರಿಸಬೇಕಾದರೆ ಒಂದು ಇನ್ನೊಂದಕ್ಕೆ ಅಂಗವಾಗಿರಬೇಕು. ಈ ವಿಧಿಯನ್ನು ಮಾರ್ವೆಲ್ ಮನೆತನವು ಪಾಲಿಸಿದ್ದೂ ಉಂಟು, ಮುರಿದಿದ್ದೂ ಉಂಟು.

ಪಾಲಿಸಿದ್ದಕ್ಕೆ ಉದಾಹರಣೆ, ೨೦೧೪ರ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’. ಸಾಯುತ್ತಿರುವ ತಾಯಿಯು ಚಾಚಿದ ಕೈಯನ್ನು ಹಿಡಿಯಲು ಧೈರ್ಯ ಸಾಲದೆ ಮುಖ ತಿರುಗಿಸಿದ ಬಾಲಕನಿಂದ ಆ ಚಿತ್ರವು ಆರಂಭವಾಗುತ್ತದೆ. ಮುಂದೆ ಅವನು ಬೆಳೆದು ಆಡುವ ಹಾಸ್ಯವೆಲ್ಲವೂ ಆ ಹಿಡಿಯದ ಕೈಯನ್ನು ಮರೆಯುವ ಹವಣು. ಕೊನೆಗೆ ಸಾವಿನ ಬಾಯಲ್ಲಿ ನಿಂತಾಗ, ಸಂಗಾತಿಯು ಚಾಚಿದ ಕೈಯಲ್ಲಿ ತಾಯಿಯ ಕೈಯನ್ನು ಕಂಡು ಅದನ್ನು ಹಿಡಿಯುತ್ತಾನೆ. ಇಲ್ಲಿ ನಗೆಯು ಶೋಕಕ್ಕೆ ಅಂಗ. ಮುರಿದಿದ್ದಕ್ಕೆ ಉದಾಹರಣೆ, ೨೦೧೭ರ ‘ಥಾರ್: ರ‍್ಯಾಗ್ನರಾಕ್’. ನಾಯಕನ ತಾಯ್ನಾಡಾದ ಆಸ್‌ಗಾರ್ಡ್ ಅವನ ಕಣ್ಣೆದುರಿನಲ್ಲಿಯೇ ಸಿಡಿದು ಚೂರಾಗುತ್ತದೆ. ಆ ಚೂರುಗಳು ಆರುವ ಮೊದಲೇ ಕಲ್ಲುಮೈಯ ಪಾತ್ರವೊಂದು ಪರಿಹಾಸದ ಮಾತನ್ನಾಡುತ್ತದೆ. ಕುಲಕ್ಷಯದ ಮೇಲೆ ಕಚಗುಳಿ! ೨೦೨೨ರ ‘ಥಾರ್: ಲವ್ ಅಂಡ್ ಥಂಡರ್’ ಇದಕ್ಕಿಂತಲೂ ಮುಂದೆ ಹೋಯಿತು: ಅರ್ಬುದರೋಗದಿಂದ ಸಾಯುತ್ತಿರುವ ಸ್ತ್ರೀಯ ಕಥೆಯ ಮಗ್ಗುಲಲ್ಲಿ ಕಿರುಚುವ ಮೇಕೆಗಳನ್ನು ಕಟ್ಟಿತು. ಮೇಕೆಗಳ ಮೇಲೆ ನನಗೆ ದ್ವೇಷವಿಲ್ಲ. ಆದರೆ ಕ್ಷೇಮೇಂದ್ರನು ಇದನ್ನು ನೋಡಿದ್ದರೆ ಔಚಿತ್ಯವಿಚಾರಕ್ಕೆ ಒಂದು ಪ್ರತ್ಯುದಾಹರಣೆಯು ಸಿಕ್ಕಿತೆಂದು ಸಂತೋಷಪಡುತ್ತಿದ್ದನು.

ಆದರೂ ಮಾರ್ವೆಲ್‌ನ ಮುಖ್ಯ ದೋಷವು ನಗೆಯಲ್ಲ. ಅದರ ದೋಷವು ಮುಗಿಯದಿರುವಿಕೆ. ೨೦೦೮ರ ‘ಐರನ್ ಮ್ಯಾನ್’ ಮೊದಲುಗೊಂಡು ೨೦೧೯ರ ‘ಎಂಡ್‌ಗೇಮ್’ವರೆಗೆ ಇಪ್ಪತ್ತೆರಡು ಚಿತ್ರಗಳು ಒಂದೇ ಸರಪಳಿಯಾಗಿ ಬಂದುವು, ಹೆಸರುಗಳ ಪಟ್ಟಿ ಮುಗಿದ ಮೇಲೂ ಒಂದು ತುಣುಕನ್ನು ತೋರಿಸಿ ಮುಂದಿನ ಚಿತ್ರಕ್ಕೆ ಆಸೆಹುಟ್ಟಿಸುವುದು ಅವರ ಸಂಪ್ರದಾಯವಾಯಿತು. ೨೦೦೯ರಲ್ಲಿ ಡಿಸ್ನಿ ಸಂಸ್ಥೆಯು ಸುಮಾರು ನಾಲ್ಕು ನೂರು ಕೋಟಿ ಡಾಲರುಗಳನ್ನು ಕೊಟ್ಟು ಮಾರ್ವೆಲನ್ನು ಕೊಂಡುಕೊಂಡಿತು. ಅಷ್ಟು ಹಣ ಹೂಡಿದ ವರ್ತಕನಿಗೆ ಮಂಗಳ ಹಾಡುವ ಮನಸ್ಸು ಬರುವುದೆಂತು? ಆದುದರಿಂದ ಅಲ್ಲಿ ಸಾವಿಗೂ ಸ್ಥಿರತೆಯಿಲ್ಲ. ಲೋಕಿ ಎಂಬ ಪಾತ್ರವು ೨೦೧೩ರಲ್ಲಿ ಸತ್ತಂತೆ ನಟಿಸಿತು, ೨೦೧೮ರಲ್ಲಿ ನಿಜವಾಗಿ ಸತ್ತಿತು, ೨೦೧೯ರಲ್ಲಿ ಕಾಲಚಕ್ರದ ಸಂದಿನಿಂದ ಬೇರೊಂದು ರೂಪದಲ್ಲಿ ತಪ್ಪಿಸಿಕೊಂಡು ೨೦೨೧ರಲ್ಲಿ ಧಾರಾವಾಹಿಯ ನಾಯಕನಾಯಿತು. ಸತ್ತವನು ಎದ್ದು ಬರುವನೆಂದು ಗೊತ್ತಿರುವ ಕಡೆ ಶೋಕವೆಂಬ ಸ್ಥಾಯಿಭಾವವೇ ನಿಲ್ಲದು. ಆದರೆ ಈ ರೋಗವು ಎದುರುಮನೆಗೂ ತಗಲಿದೆ: ಸೂಪರ್‌ಮ್ಯಾನನು ೨೦೧೬ರಲ್ಲಿ ಸತ್ತನು, ೨೦೧೭ರ ‘ಜಸ್ಟಿಸ್ ಲೀಗ್’ನಲ್ಲಿ ಎದ್ದನು.

ಮನೆತನಕ್ಕೊಂದು ಶ್ರುತಿಯೆಂಬ ನಂಬಿಕೆಯು ಎಷ್ಟು ಪೊಳ್ಳೆಂಬುದನ್ನು ಈ ‘ಜಸ್ಟಿಸ್ ಲೀಗ್’ ಚಿತ್ರವೇ ಸಾರುತ್ತದೆ. ನಿರ್ದೇಶಕ ಜ್ಯಾಕ್ ಸ್ನೈಡರ್ ಅವರು ಗೃಹದುಃಖದ ಕಾರಣ ಹಿಂದೆ ಸರಿದಾಗ, ಅದನ್ನು ಪೂರ್ತಿಮಾಡಲು ಕರೆಸಿದುದು ಯಾರನ್ನು? ೨೦೧೨ರಲ್ಲಿ ಮಾರ್ವೆಲ್‌ನ ‘ಅವೆಂಜರ್ಸ್’ ಚಿತ್ರವನ್ನು ನಿರ್ದೇಶಿಸಿದ ಜಾಸ್ ವೇಡನ್ ಅವರನ್ನು. ೨೦೨೨ರಲ್ಲಿ ಡಿ. ಸಿ. ಚಿತ್ರಶಾಲೆಯ ಮುಖ್ಯಸ್ಥರಲ್ಲೊಬ್ಬರಾದ ಜೇಮ್ಸ್ ಗನ್ ಅವರೇ ಮೇಲೆ ಹೇಳಿದ ‘ಗಾರ್ಡಿಯನ್ಸ್’ ಚಿತ್ರದ ಕರ್ತೃಗಳು. ಹಗುರವಾದ ಹಾಸ್ಯದಿಂದ ಕೆಟ್ಟುದೆಂದು ಕುಖ್ಯಾತವಾದ ೧೯೯೭ರ ‘ಬ್ಯಾಟ್‌ಮ್ಯಾನ್ ಅಂಡ್ ರಾಬಿನ್’ ಡಿ. ಸಿ.ಯದೇ, ಮುಪ್ಪು, ರೋಗ, ಮರಣಗಳನ್ನು ಕಠೋರವಾಗಿ ಚಿತ್ರಿಸಿದ ೨೦೧೭ರ ‘ಲೋಗನ್’ ಬೇರೆ ಸಂಸ್ಥೆಯು ತಯಾರಿಸಿದುದಾದರೂ ಅದರ ನಾಯಕನು ಮಾರ್ವೆಲ್ ಕುಲದವನೇ. ಹೀಗಿರಲು ಡಿ. ಸಿ. ಎಂದರೆ ಕತ್ತಲೆ, ಮಾರ್ವೆಲ್ ಎಂದರೆ ಬೆಳಕು ಎಂಬ ವ್ಯಾಪ್ತಿಯೇ ವ್ಯಭಿಚಾರದಿಂದ ಕೂಡಿದೆ. ಅದರ ಮೇಲೆ ಕಟ್ಟಿದ ಅನುಮಾನವು ನಿಲ್ಲುವುದೆಲ್ಲಿ?

ಕತ್ತಲೆಯು ಪ್ರೌಢವೆಂಬ ಭ್ರಾಂತಿಗೆ ಒಂದು ಚರಿತ್ರೆಯುಂಟು. ೧೯೫೪ರಲ್ಲಿ ಅಮೆರಿಕಾದಲ್ಲಿ ಚಿತ್ರಕಥೆಗಳಿಂದ ಬಾಲಕರು ಕೆಡುವರೆಂಬ ಗದ್ದಲವೆದ್ದು, ಪ್ರಕಾಶಕರು ತಮಗೆ ತಾವೇ ಒಂದು ಕಟ್ಟುಪಾಡನ್ನು ವಿಧಿಸಿಕೊಂಡರು. ಅಂದಿನಿಂದ ಬಹುಕಾಲ ಆ ಪುಸ್ತಕಗಳು ನಿರ್ಬಂಧದಿಂದ ನಿರಪಾಯವಾದುವು. ೧೯೮೬ರಲ್ಲಿ ಫ್ರಾಂಕ್ ಮಿಲ್ಲರ್ ಅವರ ‘ದ ಡಾರ್ಕ್ ನೈಟ್ ರಿಟರ್ನ್ಸ್’ ಕೃತಿಯೂ, ಆಲನ್ ಮೂರ್ ಮತ್ತು ಡೇವ್ ಗಿಬ್ಬನ್ಸ್ ಅವರ ‘ವಾಚ್‌ಮೆನ್’ ಕೃತಿಯೂ ಹೊರಟು ಆ ಸಂಪ್ರದಾಯವನ್ನು ಅಲುಗಿಸಿದುವು. ಅದರಲ್ಲಿಯೂ ‘ವಾಚ್‌ಮೆನ್’ ಕತ್ತಲೆಯನ್ನು ತಂದುದು, ಮುಖವಾಡ ಧರಿಸಿ ನ್ಯಾಯ ಹಂಚುವವನ ಮನಸ್ಸು ಎಂಥದೆಂದು ಪ್ರಶ್ನಿಸುವುದಕ್ಕಾಗಿ. ಹಿಂಬಾಲಿಸಿದವರು ಪ್ರಶ್ನೆಯನ್ನು ಬಿಟ್ಟು ಮಸಿಯನ್ನು ಮಾತ್ರ ಹಿಡಿದರು. ವೈದ್ಯನು ಕಹಿಯಾದ ಕಷಾಯವನ್ನು ಕೊಡುವುದನ್ನು ಕಂಡು, ಕಹಿಯಾದುದೆಲ್ಲ ಔಷಧವೆಂದು ತಿಳಿದವನ ಅವಿವೇಕವಿದು. ಆಲನ್ ಮೂರ್ ಅವರೇ ಪ್ರೌಢರು ಈ ವೀರರಿಗೆ ಮುಗಿಬೀಳುವುದನ್ನು ಬಹಿರಂಗವಾಗಿ ಖಂಡಿಸಿರುವರೆಂಬುದನ್ನು ಕತ್ತಲೆಯ ಭಕ್ತರು ನೆನಪಿನಲ್ಲಿಡಬೇಕು.

‘ದ ಡಾರ್ಕ್ ನೈಟ್’ ಚಿತ್ರಕ್ಕೇನು ಹೇಳುವಿರಿ ಎಂದು ಕೇಳಿದರೆ, ಈ ಜಾತಿಯಲ್ಲಿ ಅದು ಶ್ರೇಷ್ಠವಾದುದೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಆದರೆ ಶ್ರೇಷ್ಠತೆಯು ಬಂದುದು ಎಲ್ಲಿಂದ? ಎರಡು ನೌಕೆಗಳ ದೃಶ್ಯವನ್ನು ಸ್ಮರಿಸಿಕೊಳ್ಳಿರಿ. ಒಂದರಲ್ಲಿ ಕೈದಿಗಳು, ಇನ್ನೊಂದರಲ್ಲಿ ನಾಗರಿಕರು. ಎದುರು ನೌಕೆಯನ್ನು ಸಿಡಿಸಿದರೆ ನೀವು ಉಳಿಯುವಿರಿ ಎಂದು ಜೋಕರನು ಒಬ್ಬೊಬ್ಬರ ಕೈಗೂ ಕೀಲಿಯನ್ನು ಕೊಟ್ಟಿದ್ದಾನೆ. ಮನುಷ್ಯನು ಒಳಗೆಲ್ಲ ಕತ್ತಲೆಯೆಂಬುದು ಅವನ ಸಿದ್ಧಾಂತ. ಕೈದಿಯೊಬ್ಬನು ಆ ಕೀಲಿಯನ್ನು ಕಿಟಕಿಯಾಚೆಗೆ ಎಸೆಯುತ್ತಾನೆ. ನಾಗರಿಕನೊಬ್ಬನು ಕೈಗೆತ್ತಿಕೊಂಡು ಮತ್ತೆ ಕೆಳಗಿಡುತ್ತಾನೆ. ಚಿತ್ರದ ನಡುಗಂಬವು ಈ ದೃಶ್ಯ. ಇಲ್ಲಿ ಸೋತುದು ಕತ್ತಲೆಯೇ! ಹಾರ್ವಿ ಡೆಂಟನ ಪತನವನ್ನು ಮುಚ್ಚಲು ಬ್ಯಾಟ್‌ಮ್ಯಾನನು ಅಪವಾದವನ್ನು ತಾನು ಹೊರುತ್ತಾನೆ. ಆ ಸುಳ್ಳಿಗೂ ೨೦೧೨ರ ಉತ್ತರಭಾಗದಲ್ಲಿ ಫಲವು ಬಂದೇ ಬರುತ್ತದೆ. ಕರ್ಮಕ್ಕೆ ಫಲ, ಎದುರಾಳಿಗೆ ಯುಕ್ತಿ, ಮನುಷ್ಯನಲ್ಲಿ ನಂಬಿಕೆ ಇವು ಅದರ ಗುಣಗಳು. ಇವು ಬೆಳಕಿನ ಚಿತ್ರದಲ್ಲಿ ಇರಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ. ೨೦೧೭ರ ‘ವಂಡರ್ ವುಮನ್’ ಡಿ. ಸಿ.ಯ ಚಿತ್ರವೇ. ತಾನು ಕಾಪಾಡಿದ ಗ್ರಾಮವು ವಿಷಾನಿಲದಿಂದ ನಿರ್ನಾಮವಾದುದನ್ನೂ, ಯುದ್ಧದೇವತೆಯೆಂದು ಬಗೆದು ಕೊಂದ ಸೇನಾಪತಿಯು ಸತ್ತ ಮೇಲೂ ಯುದ್ಧವು ನಿಲ್ಲದಿರುವುದನ್ನೂ ಕಂಡ ನಾಯಕಿಯು ಮನುಷ್ಯರನ್ನು ಪ್ರೀತಿಸುವುದನ್ನು ಬಿಡುವುದಿಲ್ಲ. ಅದು ಬೆಳಕು; ಅದು ಪ್ರೌಢವೂ ಅಹುದು.

‘ಜೋಕರ್’ ಚಿತ್ರದ ಕರುಣವನ್ನೂ ನಾನು ಅಲ್ಲಗಳೆಯುವುದಿಲ್ಲ. ಆರೈಕೆಯಿಲ್ಲದೆ ಬಿದ್ದ ಒಬ್ಬ ರೋಗಿಯನ್ನು ಊರು ಹೇಗೆ ತುಳಿಯುವುದೆಂಬುದನ್ನು ಅದು ಕಣ್ಣು ಮಿಟುಕಿಸದೆ ತೋರಿಸಿತು. ಆದರೆ ಅದನ್ನು ಕೊಂಡಾಡಿದವರಲ್ಲಿ ಎಷ್ಟು ಮಂದಿ ಆ ರೋಗಿಗಾಗಿ ಮರುಗಿದರು, ಎಷ್ಟು ಮಂದಿ ಅವನ ಕೋವಿಯ ಬಿಸಿಗೆ ಮರುಳಾದರು? ೨೦೨೪ರ ಉತ್ತರಭಾಗದಲ್ಲಿ ಆ ಪಾತ್ರವೇ ನ್ಯಾಯಸ್ಥಾನದಲ್ಲಿ ನಿಂತು, ಜೋಕರನೆಂಬವನಿಲ್ಲ, ಕೊಂದವನು ನಾನು ಎಂದು ವೇಷವನ್ನು ಕಳಚುತ್ತದೆ. ಪ್ರೌಢಿಮೆಯನ್ನೇ ಬಯಸಿದವರಿಗೆ ಇದಕ್ಕಿಂತ ಪ್ರೌಢವಾದ ಮಾತು ಬೇಕಾಗಿರಲಿಲ್ಲ. ಆ ಚಿತ್ರಕ್ಕೆ ಬೇರೆ ದೋಷಗಳುಂಟು, ಒಪ್ಪಿದೆ. ಆದರೆ ಮೊದಲನೆಯದಕ್ಕೆ ನೂರು ಕೋಟಿ ಡಾಲರಿಗೂ ಮಿಕ್ಕಿ ಸುರಿದ ಪ್ರೇಕ್ಷಕರು ಎರಡನೆಯದಕ್ಕೆ ಬೆನ್ನು ತಿರುಗಿಸಿದುದು ಕೇವಲ ಆ ದೋಷಗಳಿಂದಲೇ ಎಂದು ನಂಬಲಾರೆ. ಅವರಲ್ಲಿ ಹಲವರಿಗೆ ಬೇಕಾಗಿದ್ದುದು ಮುಖವಾಡವೇ, ಮುಖವಲ್ಲ.

ಇನ್ನು ಕೆಲವರು, ಈ ಎರಡೂ ಬೇಡ, ಇವು ಕಲೆಯೇ ಅಲ್ಲ ಎನ್ನುತ್ತಾರೆ. ಪ್ರಸಿದ್ಧ ನಿರ್ದೇಶಕರಾದ ಮಾರ್ಟಿನ್ ಸ್ಕೋರ್ಸೆಸೆ ಅವರು ೨೦೧೯ರಲ್ಲಿ ಮಾರ್ವೆಲ್ ಚಿತ್ರಗಳನ್ನು ವಿಹಾರೋದ್ಯಾನಗಳಿಗೆ ಹೋಲಿಸಿ, ಇವು ಸಿನಿಮಾವಲ್ಲವೆಂದರು. ಅವರ ವಿದ್ಯೆಗೆ ನಮಸ್ಕಾರ. ಆದರೆ ಮನೆಯ ಮಗನೂ ಮಗಳೂ ಆ ಉದ್ಯಾನದಲ್ಲಿಯೇ ದಿನ ಕಳೆಯುತ್ತಿರುವಾಗ, ಅದು ಉದ್ಯಾನವೇ ಅಲ್ಲವೆಂದು ಹೊರಗೆ ನಿಂತು ಮುಖ ಮುರಿಯುವುದರಿಂದ ಪ್ರಯೋಜನವಿಲ್ಲ. ಅಲ್ಲಿನ ಗಿಡಗಳಲ್ಲಿ ವಿಷವೃಕ್ಷ ಯಾವುದು, ತುಳಸಿ ಯಾವುದು ಎಂದು ತಿಳಿಸಿಕೊಡುವುದು ಹಿರಿಯರ ಕೆಲಸ.

ಈ ವ್ಯಾಜ್ಯವು ಬರಿಯ ಮನೋರಂಜನೆಯದಲ್ಲವೆಂದು 나ನು ಹಟಹಿಡಿಯುವುದು ಇದಕ್ಕಾಗಿಯೇ. ಹದಿಹರೆಯದ ಹುಡುಗನಿಗೆ ತಾನು ದೊಡ್ಡವನಾದೆನೆಂದು ತೋರಿಸಿಕೊಳ್ಳುವ ತವಕವಿರುತ್ತದೆ. ದೊಡ್ಡತನದ ಗುರುತೇನೆಂದು ಅವನು ಎಲ್ಲೆಲ್ಲಿಯೂ ಹುಡುಕುತ್ತಾನೆ. ಮೂವತ್ತು ವರ್ಷ ಅಂಥ ಹುಡುಗರ ಎದುರಿಗೆ ನಿಂತವನ ಅನುಭವವಿದು: ತರಗತಿಯಲ್ಲಿ ಮೋರೆ ಬಿಗಿದು, ಯಾವುದನ್ನೂ ಮೆಚ್ಚದೆ, ದಯೆಯ ಮಾತಿಗೆ ತುಟಿ ಕೊಂಕಿಸುತ್ತಿದ್ದವನು ಎಲ್ಲರಿಗಿಂತಲೂ ಬೆಳೆದವನಾಗಿರುತ್ತಿರಲಿಲ್ಲ, ಎಲ್ಲರಿಗಿಂತಲೂ ಹೆದರಿದವನಾಗಿರುತ್ತಿದ್ದನು. ಅಂಥವನಿಗೆ, ನಿರಾಶೆಯೇ ಆಳ, ಕ್ರೌರ್ಯವೇ ಧೈರ್ಯ, ನಗುವವನು ಅವಿವೇಕಿ ಎಂಬ ಪಾಠವನ್ನು ಕಲಾವಿಮರ್ಶೆಯ ಹೆಸರಿನಲ್ಲಿ ಬೋಧಿಸಿದರೆ, ಅವನು ದಯೆಗೆ ನಾಚುವುದನ್ನು ಕಲಿಯುತ್ತಾನೆ. ದಯೆಗೆ ನಾಚುವುದನ್ನು ಕಲಿತವನಿಗೆ ಅದನ್ನು ಮರೆಸುವುದು ಎಷ್ಟು ಕಷ್ಟವೆಂಬುದನ್ನು ತಾಯಂದಿರನ್ನೇ ಕೇಳಿರಿ.

ಆದುದರಿಂದ ಮನೆಯ ಹಿರಿಯರು ಮಕ್ಕಳೊಡನೆ ಕುಳಿತು ಈ ಚಿತ್ರಗಳನ್ನು ನೋಡಲಿ. ನೋಡಿದ ಮೇಲೆ ಮೂರು ಪ್ರಶ್ನೆಗಳನ್ನು ಕೇಳಲಿ. ಇಲ್ಲಿ ಮಾಡಿದ ಕೆಲಸಕ್ಕೆ ಬೆಲೆ ತೆತ್ತವರಾರು? ಇಲ್ಲಿನ ನಗೆಯು ನೋವನ್ನು ತೋರಿಸಿತೆ, ಅಡಗಿಸಿತೆ? ಇಲ್ಲಿನ ಶತ್ರುವಿಗೆ ತನ್ನ ಯುಕ್ತಿಯನ್ನು ಹೇಳಲು ಅವಕಾಶವಿತ್ತೆ, ಅದರಿಂದ ನಾಯಕನು ಏನನ್ನಾದರೂ ಕಲಿತನೆ? ೨೦೧೮ರ ‘ಬ್ಲ್ಯಾಕ್ ಪ್ಯಾಂಥರ್’ ಚಿತ್ರದಲ್ಲಿ ರಾಜನು ಶತ್ರುವನ್ನು ಗೆದ್ದರೂ ಅವನ ಆಕ್ಷೇಪಕ್ಕೆ ಸೋತು, ಮುಚ್ಚಿದ್ದ ತನ್ನ ರಾಜ್ಯದ ಬಾಗಿಲನ್ನು ಲೋಕಕ್ಕೆ ತೆರೆಯುತ್ತಾನೆ. ೨೦೨೧ರ ‘ಸ್ಪೈಡರ್‌ಮ್ಯಾನ್: ನೋ ವೇ ಹೋಮ್’ ಚಿತ್ರದಲ್ಲಿ, ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಹುಡುಗನು ತನ್ನನ್ನು ಎಲ್ಲರೂ ಮರೆತುಬಿಡಲೆಂದು ಒಪ್ಪಿ, ಪ್ರಿಯಜನರ ಎದುರಿಗೆ ಅಪರಿಚಿತನಾಗಿ ನಿಲ್ಲುತ್ತಾನೆ. ಇವೆರಡೂ ಬಾಲಕರ ಮನೆತನವೆಂದು ಹೀಗಳೆಯಲ್ಪಟ್ಟ ಮನೆಯಿಂದ ಬಂದವು. ಅದೇ ಮನೆಯ ೨೦೧೩ರ ‘ಥಾರ್: ದ ಡಾರ್ಕ್ ವರ್ಲ್ಡ್’ ಚಿತ್ರದ ಶತ್ರುವಾದರೋ ಕತ್ತಲೆಯನ್ನೇ ಲೋಕಕ್ಕೆಲ್ಲ ಹರಡಲು ಹೊರಟವನು, ಅವನಷ್ಟು ಕಪ್ಪಾದವನೂ ಇಲ್ಲ, ಅವನಷ್ಟು ಟೊಳ್ಳಾದವನೂ ಇಲ್ಲ.

ಕಪ್ಪು ಬಣ್ಣವು ಪ್ರೌಢಿಮೆಗೆ ಹೇತುವಾಗಿದ್ದರೆ ಕಾಡಿಗೆಯ ಕರಡಿಗೆಯೇ ಮಹಾಕಾವ್ಯವಾಗಬೇಕಾಗಿತ್ತು. ಇದಕ್ಕೆ ಪ್ರತಿವಾದವುಳ್ಳ ಮಿತ್ರರು ಇದೇ ಪತ್ರಿಕೆಯಲ್ಲಿ ಬರೆಯಲಿ. ಚಿತ್ರದ ಹೆಸರು ಹೇಳಿ, ದೃಶ್ಯವನ್ನು ತೋರಿಸಿ, ಅಲ್ಲಿ ಯಾರು ಯಾವ ಬೆಲೆಯನ್ನು ತೆತ್ತರೆಂದು ನಿರೂಪಿಸಲಿ. ಉತ್ತರ ಹೇಳಲು ನಾನು ಸಿದ್ಧನಿದ್ದೇನೆ.